ಒಬ್ಬನೇ ಸದಸ್ಯನಿದ್ದ ವಿಮೆ

ಆರ್ವಿನ್ ಟೆಸ್ಕೆಗೆ ಆರೋಗ್ಯ ವಿಮೆ ರದ್ದಾಯಿತೆಂಬ ಕಾಗದ ತಲುಪಿಸಿದವನು ನಾನೇ. ಮೂವತ್ತೊಂದು ವರ್ಷ ವಿಸ್ಕಾನ್ಸಿನ್‌ನ ಆ ಹಳ್ಳಿರಸ್ತೆಗಳಲ್ಲಿ ಅಂಚೆ ಹಂಚಿದವನಿಗೆ ಲಕೋಟೆ ಕೈಗೆ ಬಂದ ಕೂಡಲೇ ಒಳಗೆ ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದು ಗೊತ್ತಾಗುತ್ತದೆ. ೨೦೧೩ರ ಅಕ್ಟೋಬರಿನಲ್ಲಿ ಬಂದದ್ದು ತೆಳ್ಳಗಿತ್ತು. ವಿಮಾ ಕಂಪನಿಗಳು ‘ಕೊಡುವುದಿಲ್ಲ’ ಎನ್ನುವುದನ್ನು ಒಂದೇ ಹಾಳೆಯಲ್ಲಿ ಹೇಳಿ ಮುಗಿಸುತ್ತವೆ.

ಆರ್ವಿನ್ ತಿದಿ ಎಳೆದು ನುಡಿಸುವ ಅಕಾರ್ಡಿಯನ್ ವಾದ್ಯದ ರಿಪೇರಿ ಮಾಡುವವನು. ನಮ್ಮ ಕಡೆ ಆ ಕಸುಬಿಗೆ ಬರಗಾಲವಿಲ್ಲ. ಮದುವೆಯಿರಲಿ, ಚರ್ಚಿನ ಊಟವಿರಲಿ, ಅಗ್ನಿಶಾಮಕ ದಳದವರ ಬಿಯರ್ ಸಂಜೆಯಿರಲಿ, ಪೋಲ್ಕಾ ಎಂಬ ಕುಣಿತದ ಸಂಗೀತ ಬೇಕೇ ಬೇಕು. ಪೋಲ್ಕಾ ನುಡಿಸುವವರು ಕುಡಿಯುತ್ತಾರೆ, ಕುಡಿದವರು ವಾದ್ಯ ಬೀಳಿಸುತ್ತಾರೆ, ಬಿದ್ದದ್ದು ಆರ್ವಿನ್‌ನ ಬಳಿಗೆ ಬರುತ್ತದೆ. ಆಗ ಅವನಿಗೆ ಐವತ್ತೆಂಟು ವರ್ಷ. ಮದುವೆಯಾಗಿರಲಿಲ್ಲ. ಪಕ್ಕದ ಮನೆಯಲ್ಲಿ ತಂಗಿ ಮಾರ್ಲಿಸ್ ಇದ್ದಳು. ಊರಾಚೆಯ ಸಪ್ಪರ್ ಕ್ಲಬ್ ಎಂಬ ಊಟದ ಹೋಟೆಲಿನ ಅಡುಗೆಮನೆ ಅವಳದು. ಪ್ರತಿ ಶುಕ್ರವಾರ ಮುನ್ನೂರು ಜನಕ್ಕೆ ಮೀನು ಕರಿದೂ ಅಣ್ಣನನ್ನು ಬೈಯಲು ಶಕ್ತಿ ಉಳಿಸಿಕೊಳ್ಳುತ್ತಿದ್ದಳು.

ಆರ್ವಿನ್‌ನ ವಿಮೆಯ ಹೆಸರು ‘ಬೇಸಿಕ್ ಫೋರ್’. ಒಂದು, ಎರಡು, ಮೂರು ಏನಾದವೋ ಯಾರಿಗೂ ಗೊತ್ತಿಲ್ಲ. ೧೯೯೯ರಲ್ಲಿ ಏಜೆಂಟನೊಬ್ಬ ಹರಿದ ತಿದಿಗೆ ತೇಪೆ ಹಾಕಿಸಲು ಬಂದು, ಕಾಯುತ್ತ ಕೂತಲ್ಲೇ ಅದನ್ನು ಮಾರಿ ಹೋದ. ಅರ್ಜಿಯಲ್ಲಿ ಬೆನ್ನುನೋವು ಇದೆಯೇ ಎಂದು ಕೇಳಿದ್ದರು. ದಿನವಿಡೀ ಅಕಾರ್ಡಿಯನ್ ಎತ್ತಿಡುವವನಿಗೆ ಇರದೆ ಇರುತ್ತದೆಯೇ? ಹೌದು ಎಂದು ಬರೆದ. ತಿಂಗಳೊಳಗೆ ಒಂದು ಚೀಟಿ ಬಂತು: ಬೆನ್ನು ಮತ್ತು ಬೆನ್ನಿಗೆ ಸಂಬಂಧಿಸಿದ ಯಾವುದೂ ನಮ್ಮ ಹೊಣೆಯಲ್ಲ. ಮುಂದೆ ನವೀಕರಣದ ಅರ್ಜಿಗಳಲ್ಲೂ ಅವನು ನಿಜ ಬರೆದಂತೆಲ್ಲ ಎಡಮಂಡಿಗೆ ಒಂದು ಚೀಟಿ, ಕಿವಿಗಳಿಗೆ ಒಂದು, ಹೊಟ್ಟೆಗೆ ಒಂದು. ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ಚೀಟಿಗಳಾದವು. ಆರ್ವಿನ್ ಅವನ್ನೆಲ್ಲ ವಿಮೆಯ ಪುಸ್ತಕದ ಹಿಂಬದಿಗೆ ಸಾಲಾಗಿ ಅಂಟಿಸಿದ್ದ. ಉಳಿದ ಆರ್ವಿನ್‌ಗೂ ಆಸ್ಪತ್ರೆಯ ಮಂಚದ ಬಾಡಿಗೆ, ಎಕ್ಸ್-ರೇ ಖರ್ಚು ಕೊಡುತ್ತಿದ್ದರೇ ಹೊರತು ಮಂಚದ ಪಕ್ಕಕ್ಕೆ ಬರುವ ಡಾಕ್ಟರಿಗೆ ಕೊಡುತ್ತಿರಲಿಲ್ಲ. ಅವನು ಆಸ್ಪತ್ರೆ ಕಡೆ ತಲೆ ಹಾಕಿದವನೇ ಅಲ್ಲವಾದ್ದರಿಂದ ಅವನಿಗೂ ಕಂಪನಿಗೂ ಒಂದು ದಿನವೂ ಮಾತು ಬೆಳೆದಿರಲಿಲ್ಲ.

ಆವತ್ತು ಅವನು ಕಾಗದವನ್ನು ಎರಡು ಸಲ ಓದಿದ. ಕೇಂದ್ರ ಸರ್ಕಾರದ ಹೊಸ ಆರೋಗ್ಯ ಕಾನೂನು ಹೇಳುವ ಕನಿಷ್ಠ ಮಟ್ಟವನ್ನು ಈ ವಿಮೆ ಮುಟ್ಟದ ಕಾರಣ ಡಿಸೆಂಬರ್ ಕೊನೆಗೆ ರದ್ದು ಎಂದಿತ್ತು.

“ವೆರ್ನ್, ಇಷ್ಟ ಇದ್ರೆ ಹಳೇ ವಿಮೆ ಇಟ್ಕೋಬಹುದು ಅಂತ ಅಧ್ಯಕ್ಷರು ಟೀವಿಲಿ ಎಷ್ಟು ಸಲ ಹೇಳಿದ್ರು?” ಎಂದು ಕೇಳಿದ.

“ತುಂಬಾ ಸಲ.”

“ನಂಗಿಷ್ಟ. ಇದ್ರಲ್ಲಿ ಅವರಿಗೆ ಅರ್ಥ ಆಗದೆ ಇರೋದು ಏನಿದೆ?”

“ಅಲ್ಲ ಮಾರಾಯ, ಅದ್ರಲ್ಲಿ ನಿಂಗೆ ಇಷ್ಟ ಆಗಿದ್ದಾದ್ರೂ ಏನು?”

ಅವನು ಅಂಗಿಯ ಜೇಬು ತಟ್ಟಿಕೊಂಡ. “ಕಾರ್ಡು ಜೇಬಲ್ಲಿದ್ರೆ ಒಂಥರಾ ಧೈರ್ಯ ಕಣೋ.”

ಇದನ್ನೇ ನಾಲ್ಕು ಸಾಲು ಮಾಡಿ ಜಿಲ್ಲೆಯ ಪತ್ರಿಕೆಗೆ ಬರೆದ. ಆ ದಿನಗಳಲ್ಲಿ ದೇಶವೆಲ್ಲ ಇದೇ ಮಾತು. ಹರಕು ವಿಮೆಯನ್ನು ಇಟ್ಟುಕೊಳ್ಳುವುದು ಜನರ ಹಕ್ಕೋ, ಹರಕು ವಿಮೆಯಿಂದ ಜನರನ್ನು ಕಾಪಾಡುವುದು ಸರ್ಕಾರದ ಕೆಲಸವೋ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಮ್ಮ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲೂ ಒಂದು ಚರ್ಚೆ ಏರ್ಪಾಟಾಯಿತು. ಕಾನೂನಿನ ವಿರುದ್ಧ ಮಾತಾಡಲು ಕೆಂಪು ಟೈ ಕಟ್ಟಿದ ಶಾಸಕರೊಬ್ಬರು, ಪರವಾಗಿ ನಿವೃತ್ತ ಡಾಕ್ಟರಮ್ಮ ಒಬ್ಬರು. ಇಬ್ಬರೂ ಆರ್ವಿನ್‌ಗೆ ‘ನೀವು ನಮ್ಮ ಸಾಕ್ಷಿಯಾಗಿ ಬರಬೇಕು’ ಎಂದು ಪತ್ರ ಬರೆದರು. ಎರಡನ್ನೂ ಒಂದೇ ದಿನ ಕೊಟ್ಟೆ. ಅವನು ಪೋಲ್ಕಾ ಬ್ಯಾಂಡಿನ ಕಸೂತಿ ಜಾಕೀಟು ತೊಟ್ಟು ಹೋಗಿ ಇಬ್ಬರ ನಡುವಿನ ಕುರ್ಚಿಯಲ್ಲಿ ಕೂತ.

ಶಾಸಕರು ಸ್ವಾತಂತ್ರ್ಯದ ಬಗ್ಗೆ ಕಾಲು ಗಂಟೆ ಮಾತಾಡಿದರು. ಡಾಕ್ಟರಮ್ಮ ಆರ್ವಿನ್‌ನ ಪುಸ್ತಕ ಇಸಿದುಕೊಂಡು ಹನ್ನೊಂದು ಚೀಟಿಗಳನ್ನೂ ಗಟ್ಟಿಯಾಗಿ ಓದಿದರು. ಎಂಟನೆಯದರ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಹಾಗಾದ್ರೆ ವಿಮೆ ಇರೋದು ಯಾವ ಭಾಗಕ್ಕಮ್ಮಾ?”

ಆಗ ವಿಜ್ಞಾನದ ಮೇಷ್ಟರು, ಒಳ್ಳೆಯ ಮನಸ್ಸಿನಿಂದಲೇ, ಪ್ರಯೋಗಾಲಯದ ಅಸ್ಥಿಪಂಜರವನ್ನು ಗಾಲಿ ಸಮೇತ ತಳ್ಳಿಕೊಂಡು ಬಂದರು. ಡಾಕ್ಟರಮ್ಮ ವಿಮೆ ಇಲ್ಲದ ಕಡೆಯೆಲ್ಲ ಹಳದಿ ಚೀಟಿ ಅಂಟಿಸುತ್ತ ಹೋದರು. ಶಾಸಕರು ಸುಮ್ಮನಿರದೆ ಎದ್ದು ಉಳಿದದ್ದನ್ನು ಲೆಕ್ಕ ಹಾಕಿದರು. “ಎರಡು ತೋಳು! ಇಡೀ ಬಲಗಾಲು! ಮೂಗು! ಇದೇನು ಕಡಿಮೆಯಾ?”

“ಮೂಗು ಬರಲ್ಲ. ಏಳನೇ ಚೀಟಿಯಲ್ಲಿ ಸೈನಸ್ ತೆಗೆದಿದ್ದಾರೆ” ಎಂದರು ಡಾಕ್ಟರಮ್ಮ.

“ಸೈನಸ್ ಒಳಗಡೆ ಇರೋದು. ಮೂಗು ಹೊರಗಡೆ.”

ಮೂಗಿನ ಮೇಲೆ ನಲವತ್ತು ನಿಮಿಷ ಚರ್ಚೆ ನಡೆಯಿತು. ಮೂಗಿನ ಪರ ಮಾತಾಡಿದವರಿಗೂ ವಿರುದ್ಧ ಮಾತಾಡಿದವರಿಗೂ ಕಣ್ಣಲ್ಲಿ ನೀರು ಬಂತು. ಕೊನೆಗೆ ಮಾರ್ಲಿಸ್ ಎದ್ದು ನಿಂತಳು. “ಮೂಗಿನ ಯಜಮಾನ ಅಲ್ಲೇ ಕೂತಿದಾನಲ್ರೀ, ಅವನನ್ನ ಒಂದು ಮಾತು ಕೇಳ್ರೋ!”

ಆರ್ವಿನ್ ಎದ್ದ. “ಇವರು ಓದಿದ್ದೆಲ್ಲ ನಿಜ. ಆದ್ರೂ ನಂಗಿಷ್ಟ” ಎಂದು ಹೇಳಿ ಕೂತುಬಿಟ್ಟ. ತಾವೇ ಗೆದ್ದೆವೆಂದು ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಅಸ್ಥಿಪಂಜರದ ಪಕ್ಕದಲ್ಲಿ ಅವನು ನಿಂತ ಫೋಟೋ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು.

ನವೆಂಬರಿನಲ್ಲಿ ವಾಷಿಂಗ್ಟನ್ನಿನವರು ಮೆತ್ತಗಾದರು. ರಾಜ್ಯ ಒಪ್ಪಿ ಕಂಪನಿಯೂ ಒಪ್ಪಿದರೆ ಹಳೆಯ ವಿಮೆಯನ್ನು ಇನ್ನಷ್ಟು ಕಾಲ ಇಟ್ಟುಕೊಳ್ಳಬಹುದು ಎಂದರು. ರಾಜ್ಯ ಒಪ್ಪಿತು. ಕಂಪನಿ ಬೇಸಿಕ್ ಫೋರ್‌ನ ಮೂರು ಸಾವಿರ ಚಿಲ್ಲರೆ ಮಂದಿಗೂ ಕಾಗದ ಬರೆದು ಕೇಳಿತು. ಅಷ್ಟರಲ್ಲಿ ಹೆಚ್ಚಿನವರು ಹೊಸ ವಿಮೆಗೆ ಹೋಗಿಯಾಗಿತ್ತು, ಮಿಕ್ಕವರು ಕಾಗದ ಒಡೆದೂ ನೋಡಲಿಲ್ಲ. ‘ಬೇಕು’ ಎಂದು ಸಹಿ ಹಾಕಿ ಕಳಿಸಿದವನು ಒಬ್ಬನೇ. ಫೋಟೋ ಬಂದವನನ್ನೇ ಕೈಬಿಟ್ಟರೆ ಮತ್ತೆ ಪತ್ರಿಕೆಯಲ್ಲಿ ಬರುತ್ತದೆಂದು ಹೆದರಿ, ಕಂಪನಿ ಅವನೊಬ್ಬನಿಗಾಗಿ ವಿಮೆ ಮುಂದುವರಿಸಿತು.

ಜನವರಿಯಲ್ಲಿ ಕಂಪನಿಯ ಕಚೇರಿಯಿದ್ದ ಒಮಾಹಾದಿಂದ ಫೋನ್ ಬಂತು.

“ಮಿಸ್ಟರ್ ಟೆಸ್ಕೆ? ನಾನು ಇಲೀನ್ ಬ್ರೆಕ್, ಬೇಸಿಕ್ ಫೋರ್ ವಿಭಾಗದಿಂದ. ನಿಮ್ಮ ಸದಸ್ಯ ಸಂಖ್ಯೆ ಹೇಳ್ತೀರಾ?”

ಹೇಳಿದ.

“ಸರಿಯಾಗಿದೆ.”

“ತಪ್ಪು ಹೇಳಿದ್ರೆ ಏನ್ ಮಾಡ್ತಿದ್ರಿ?”

“ಬೇರೆ ಯಾರೂ ಇಲ್ವಲ್ಲ ಸರ್, ನೀವೇ ಅಂದ್ಕೋತಿದ್ದೆ.”

ಇಲೀನ್‌ಗೆ ಐವತ್ತನಾಲ್ಕು ವರ್ಷ, ಗಂಡ ತೀರಿಕೊಂಡಿದ್ದ. ಆ ಕಂಪನಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ಅರ್ಧ ಮಹಡಿಯಿದ್ದ ವಿಭಾಗ ಕರಗಿ ಈಗ ಅವಳ ಮೇಜೊಂದು ಉಳಿದಿತ್ತು. ಆದರೆ ನಿಯಮಗಳು ಮೂರು ಸಾವಿರ ಜನಕ್ಕೆ ಬರೆದವು, ಅವು ಕರಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ಸದಸ್ಯರ ವಾರ್ತಾಪತ್ರ ಹೊರಡಬೇಕು, ಹೊರಟಿತು. ಅದರಲ್ಲಿ ‘ನಮ್ಮ ಸದಸ್ಯರ ಸರಾಸರಿ ವಯಸ್ಸು ಐವತ್ತೆಂಟು, ಶೇಕಡ ನೂರರಷ್ಟು ಮಂದಿ ಅಕಾರ್ಡಿಯನ್ ಬಲ್ಲವರು’ ಎಂದು ಅಚ್ಚಾಗಿತ್ತು. ತೃಪ್ತಿ ಸಮೀಕ್ಷೆ ಬಂತು. ಮೊದಲ ಸಲ ‘ಪೂರ್ಣ ತೃಪ್ತಿ’ ಎಂದು ಗುರುತು ಹಾಕಿದ. ಎರಡನೆಯ ಸಲ, ಫೋನಿನಲ್ಲಿ ಕಾಯಿಸುವಾಗ ಹಾಕುವ ಸಂಗೀತ ಅಪಸ್ವರವಾಗಿದೆ ಅನ್ನಿಸಿ ‘ಸುಮಾರು’ ಎಂದು ಹಾಕಿದ. ಪೂರ್ಣ ತೃಪ್ತರ ಪ್ರಮಾಣ ನೂರರಿಂದ ಸೊನ್ನೆಗೆ ಬಿದ್ದದ್ದು ನೋಡಿ ಇಬ್ಬರು ಉಪಾಧ್ಯಕ್ಷರು ಇಲೀನ್‌ಳನ್ನು ಕರೆಸಿ ವಿವರಣೆ ಕೇಳಿದರಂತೆ. ಆರ್ವಿನ್ ಗಾಬರಿಯಾಗಿ ಅವರಿಗೇ ಕ್ಷಮಾಪಣೆ ಬರೆದ.

ಹೀಗೆ ವಾರಕ್ಕೊಮ್ಮೆಯಾದರೂ ಇಬ್ಬರ ಮಾತು ನಡೆಯತೊಡಗಿತು. ಫೋನನ್ನು ಭುಜಕ್ಕೆ ಒತ್ತಿಕೊಂಡೇ ಅವನು ತಿದಿಗೆ ಗೋಂದು ಹಚ್ಚುತ್ತಿದ್ದ.

ಆಗಸ್ಟಿನಲ್ಲಿ ಅಕಾರ್ಡಿಯನ್ನಿನ ಪೆಟ್ಟಿಗೆಯೊಂದು ಅಟ್ಟಣಿಗೆಯಿಂದ ಜಾರಿ ಅವನ ಕಾಲಿನ ಮೇಲೆ ಬಿತ್ತು. ನೋವಿಗೆ ಕೂಗಿಕೊಂಡವನು ಮರುಕ್ಷಣ ಬಗ್ಗಿ ನೋಡಿದ. ಬಲಗಾಲು!

“ಇಲೀನ್! ಹೆಬ್ಬೆರಳು! ಬಲಗಾಲಿಂದು!” ಎಂದು ಫೋನಿನಲ್ಲಿ ಕೂಗಿದ.

“ಅಯ್ಯೋ ದೇವರೇ! ಅದಕ್ಕೆ ಚೀಟಿ ಇಲ್ಲ ಅಲ್ವಾ?”

“ಇಲ್ಲ!”

“ಈಗಲೇ ತೋರಿಸ್ಕೊಳ್ಳಿ. ನಾನು ಫಾರಂ ತೆಗೆದಿಡ್ತೀನಿ!”

ಮಾರ್ಲಿಸ್ ಬಂದು ನೋಡಿದಾಗ ಅಣ್ಣ ಒಂಟಿಕಾಲಲ್ಲಿ ನಗುತ್ತ ಕುಣಿಯುತ್ತಿದ್ದ. ಕ್ಲಿನಿಕ್ಕಿಗೆ ಅವಳೇ ಕರೆದೊಯ್ದಳು. ಅವನು ತೋರಿಸಿದ ಕಾರ್ಡನ್ನು ಅಲ್ಲಿಯ ಕೌಂಟರಿನವಳು ಒಳಗಿನವರನ್ನೆಲ್ಲ ಕರೆದು ತೋರಿಸಿದಳು. ಎಕ್ಸ್-ರೇಯಲ್ಲಿ ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು.

ಆಮೇಲೆ ಇಲೀನ್ ಪುಸ್ತಕದ ಮೂವತ್ತೊಂದನೆಯ ಪುಟ ತೆರೆದಳು. ಕಸುಬಿನ ಸಲಕರಣೆಯಿಂದ ಆದ ಗಾಯಕ್ಕೆ ವಿಮೆ ಇಲ್ಲ ಎಂದಿತ್ತು. ಪೆಟ್ಟಿಗೆ ಸಲಕರಣೆಯಲ್ಲ, ಗಿರಾಕಿಯ ಸಾಮಾನು ಎಂದು ಅವಳ ವಾದ. ಸಲಕರಣೆಯೇ ಎಂದು ಮೇಲಿನವರು ಬರೆದರು. ಕ್ಲೇಮಿಗೆ ‘ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಕಾದವಳು ಅವಳೇ. ಆರ್ವಿನ್ ಮೇಲ್ಮನವಿ ಹಾಕಿದ. ಮೇಲ್ಮನವಿ ಕೇಳುವ ಅಧಿಕಾರಿಯೂ ಅವಳೇ! ಮೇಲ್ಮನವಿಯ ಇಲೀನ್ ಕ್ಲೇಮಿನ ಇಲೀನ್‌ಗೆ ವಿವರಣೆ ಕೇಳಿ ಬರೆಯಬೇಕು, ಅವಳು ಇವಳಿಗೆ ಉತ್ತರಿಸಬೇಕು, ಎಲ್ಲದರ ಪ್ರತಿ ಸದಸ್ಯನಿಗೆ ಹೋಗಬೇಕು. ಒಂದೇ ವಾರದಲ್ಲಿ ಏಳು ಲಕೋಟೆ ಕೊಟ್ಟೆ. ಆರ್ವಿನ್ ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲಿಟ್ಟು ನನಗೂ ಓದಿ ಹೇಳುತ್ತಿದ್ದ.

“ಮೇಲ್ಮನವಿಯ ಇಲೀನ್ ಬಂಗಾರದಂಥಾ ಹೆಂಗ್ಸು, ಪೂರ್ತಿ ನನ್ನ ಕಡೆ. ಆ ಕ್ಲೇಮಿನ ಇಲೀನ್ ಇದಾಳಲ್ಲ, ಕಲ್ಲು!”

ಕಲ್ಲೇ ಗೆದ್ದಿತು. ಕ್ಲೇಮಿನ ಕಾಗದಗಳಿಗೆ ಉಪಾಧ್ಯಕ್ಷರ ಸಹಿಯ ಬೆಂಬಲವಿತ್ತು. ಇಲೀನ್ ಫೋನ್ ಮಾಡಿದಳು.

“ಮಿಸ್ಟರ್ ಟೆಸ್ಕೆ, ನಾನು ಸೋತೆ.”

“ಗೆದ್ದೋರೂ ನೀವೇ ಅಲ್ವಾ?”

ಅವಳು ನಕ್ಕಳು, ಆಮೇಲೆ ಅತ್ತಳು. “ಬಿಟ್ಬಿಡಿ ಈ ವಿಮೆನ. ನಾನೇ ಹೇಳ್ತಾ ಇದೀನಿ. ನವೆಂಬರಲ್ಲಿ ಹೊಸದಕ್ಕೆ ಸೇರ್ಕೊಳ್ಳಿ.”

“ನಾನು ಬಿಟ್ರೆ ನಿಮ್ಮ ಮೇಜು?”

ಅವಳು ಫೋನ್ ಇಟ್ಟಳು. ಅವನು ವಿಮೆ ಬಿಡಲಿಲ್ಲ.

ಇದು ತಿಳಿದ ದಿನ ಮಾರ್ಲಿಸ್ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಅಂದ್ರೆ ಈಗ ಆ ಹೆಂಗಸಿಗೆ ವಿಮೆ ನೀನು! ಇದನ್ನ ಯಾರಿಗಾದ್ರೂ ಹೇಳಿದ್ರೆ ಉಗೀತಾರೆ ಆರ್ವಿನ್. ಕುಂಟ್ಕೊಂಡು ಓಡಾಡೋನು ನೀನು, ಸಂಬಳ ಅವಳಿಗೆ!”

“ಅವಳು ಒಳ್ಳೆಯವಳು, ಮಾರ್ಲಿಸ್.”

“ಒಳ್ಳೆಯವಳಾದ್ರೆ ನಂಬರ್ ಕೊಡು, ನಾನು ಮಾತಾಡ್ತೀನಿ.”

ಇಬ್ಬರು ಹೆಂಗಸರೂ ಏನು ಮಾತಾಡಿಕೊಂಡರೋ, ನವೆಂಬರಿನಲ್ಲಿ ಆರ್ವಿನ್‌ಗೆ ಆಮಂತ್ರಣ ಬಂತು: ಬೇಸಿಕ್ ಫೋರ್ ಸದಸ್ಯರ ವಾರ್ಷಿಕ ಸಭೆ, ಸ್ಥಳ ಮಾರ್ಲಿಸ್ ಅಡುಗೆ ಮಾಡುವ ಸಪ್ಪರ್ ಕ್ಲಬ್. ನಿಯಮದಲ್ಲಿ ಸಭೆ ನಡೆಸಲೇಬೇಕು ಎಂದಿತ್ತಂತೆ, ಎಲ್ಲಿ ಎಂದಿರಲಿಲ್ಲವಂತೆ. ಇಲೀನ್ ಏಳು ಗಂಟೆ ಕಾರು ಓಡಿಸಿಕೊಂಡು ಬಂದಳು. ಗಿಡ್ಡ ಹೆಂಗಸು, ದಪ್ಪ ಕನ್ನಡಕ, ಕಂಕುಳಲ್ಲಿ ಲ್ಯಾಪ್‌ಟಾಪು. ಮರುದಿನ ಜಿಂಕೆ ಬೇಟೆ ಶುರುವಾಗುವುದಿತ್ತು. ಬಾರಿನ ತುಂಬ ಕಿತ್ತಳೆ ಜಾಕೀಟಿನ ಬೇಟೆಗಾರರು, ಬ್ರಾಂಡಿಯ ಗಮಲು. ನಾನೂ ಇದ್ದೆ.

ಇಲೀನ್ ಹಾಜರಾತಿ ಕೂಗಿದಳು. ಆರ್ವಿನ್ ಕೈಯೆತ್ತಿದ. ಕೋರಂ ಇದೆ ಎಂದು ಬರೆದುಕೊಂಡಳು. ಮೀನು ಬಂತು. ಆಮೇಲೆ ಅವಳು ನಿರ್ಣಯ ಓದಿದಳು: ಸದಸ್ಯರು ಈ ವಿಮೆಯನ್ನು ಇಲ್ಲಿಗೆ ಮುಗಿಸಲು ಒಪ್ಪುತ್ತಾರೆ.

“ಆಗಲ್ಲ” ಎಂದ ಆರ್ವಿನ್.

ಪಕ್ಕದ ಮೇಜಿನವರು ಏನದು ಎಂದು ಕೇಳಿದರು. ಹೇಳಿದ್ದೇ ತಡ, ಇಡೀ ಬಾರು ಎರಡು ಪಾಲಾಯಿತು.

“ಅವಂದು ಅವನು ಇಟ್ಕೋತಾನೆ, ನಿಮಗೇನ್ರೋ!”

“ಇಟ್ಕೊಂಡು ಏನ್ ಮಾಡ್ತಾನೆ, ಉಪ್ಪಿನಕಾಯಿ ಹಾಕ್ತಾನಾ?”

“ಮೂಗಿಗೆ ಇದ್ಯೋ ಇಲ್ವೋ, ಅದನ್ನ ಮೊದ್ಲು ಹೇಳಿ!”

ಕೂಗಾಟದ ನಡುವೆ ಇಲೀನ್ ತಟ್ಟೆ ಸರಿಸಿ ಮೆಲ್ಲಗೆ ಹೇಳಿದಳು. “ಇಪ್ಪತ್ತಾರು ವರ್ಷ ಜನಕ್ಕೆ ಇಲ್ಲ ಅನ್ನೋದೇ ನನ್ನ ಕೆಲಸ ಆಗಿತ್ತು, ಆರ್ವಿನ್. ಒಬ್ಬರಿಗಾದ್ರೂ ಹೌದು ಅಂದು ಮನೆಗೆ ಹೋಗ್ತೀನಿ. ಬಿಡಿ ನನ್ನ.”

ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಸ್ವಲ್ಪ ಹೊತ್ತು ಮೀನನ್ನು ಫೋರ್ಕಿನಿಂದ ಕೆದಕಿದ. ಆಮೇಲೆ ಕೈಯೆತ್ತಿದ. ಪರ ಒಂದು, ವಿರುದ್ಧ ಸೊನ್ನೆ. ಅಲ್ಲೇ ಬ್ರೆಡ್ಡಿನ ಬುಟ್ಟಿ ಪಕ್ಕಕ್ಕಿಟ್ಟು ಅವಳು ಹೊಸ ವಿಮೆಯ ಅರ್ಜಿ ತುಂಬಿದಳು. ಸರ್ಕಾರದ ಜಾಲತಾಣ ಎರಡು ಸಲ ನಿಂತುಹೋಯಿತು. ಎರಡು ಸಲವೂ ಕಾನೂನಿನ ವಿರೋಧಿಗಳು ಸಿಳ್ಳೆ ಹೊಡೆದರು.

ಇಲೀನ್‌ಳನ್ನು ಕಂಪನಿ ಮನೆಗೆ ಕಳಿಸಲಿಲ್ಲ, ಸಾಕುಪ್ರಾಣಿಗಳ ವಿಮೆ ವಿಭಾಗಕ್ಕೆ ಹಾಕಿತು. ಮೊದಲ ದಿನವೇ ಫೋನ್ ಮಾಡಿದಳು.

“ಇವತ್ತು ಒಂದು ಡಾಕ್ಸಂಡ್ ನಾಯಿ ಬೆನ್ನಿನ ಆಪರೇಷನ್ ಮಂಜೂರು ಮಾಡ್ದೆ.”

“ಪೂರ್ತಿನಾ?”

“ಪೂರ್ತಿ. ಡಾಕ್ಟರ್ ಸಮೇತ.”

ಆರ್ವಿನ್ ನಾಯಿಯ ಹೆಸರು ಕೇಳಿ ಫೋನ್ ಇಟ್ಟನಂತೆ.

ಜನವರಿಯಲ್ಲಿ ಅವನು ಡಾಕ್ಟರ ಬಳಿಗೆ ಹೋದ. ಅವರು ತೋರಿಸಿದ ಕಡೆಯೆಲ್ಲ ನೋಡಿದರು, ತೋರಿಸದ ಕಡೆಯೂ ನೋಡಿದರು. ರಕ್ತದೊತ್ತಡ ಎಷ್ಟಿತ್ತೆಂದರೆ ನರ್ಸು ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದಳು. ಇನ್ನೊಂದೂ ಅಷ್ಟೇ ಹೇಳಿತು. ಇಂಥದ್ದನ್ನು ಹೊತ್ತುಕೊಂಡು ಎಷ್ಟು ವರ್ಷದಿಂದ ಓಡಾಡುತ್ತಿದ್ದೀರಿ ಎಂದು ಡಾಕ್ಟರು ಕೇಳಿದರಂತೆ, ಇವನು ಹೆಗಲು ಕುಣಿಸಿದನಂತೆ. ಅಂದಿನಿಂದ ಬೆಳಗಿನ ಕಾಫಿಯ ಜೊತೆ ಎರಡು ಮಾತ್ರೆ.

ಆದರೂ ನಾನು ಅಂಚೆ ಕೊಡಲು ಹೋದಾಗಲೆಲ್ಲ ಹೊಸ ವಿಮೆಯ ದಪ್ಪ ಪುಸ್ತಕ ಹಿಡಿದು ಗೇಟಿಗೆ ಬರುತ್ತಿದ್ದ.

“ನೋಡಿಲ್ಲಿ ವೆರ್ನ್, ಹೆರಿಗೆ ಖರ್ಚು ಕೊಡ್ತಾರಂತೆ. ಬಾಣಂತನಕ್ಕೂ ಕೊಡ್ತಾರಂತೆ. ನಂಗ್ಯಾಕೋ ಹೆರಿಗೆ?”

ಒಂದು ದಿನ ಹೀಗಂದಾಗ ಪಕ್ಕದ ಅಂಗಳದಲ್ಲಿ ಹಿಮ ತಳ್ಳುತ್ತಿದ್ದ ಮಾರ್ಲಿಸ್ ಸಲಿಕೆ ನೆಟ್ಟು ನಿಂತಳು. “ಮಾತ್ರೆ ತಗೊಂಡ್ಯಾ?”

“ತಗೊಂಡೆ.”

“ಹಾಗಾದ್ರೆ ಒಳಗೆ ಹೋಗಿ ಟೋಪಿ ಹಾಕ್ಕೋ. ಬೈಯೋದಿದ್ರೆ ಬೆಚ್ಚಗೆ ಬೈ.”

ಅವನು ಟೋಪಿ ತರಲು ಹೋದ. ನನಗೆ ಇನ್ನೂ ಹನ್ನೆರಡು ಮನೆ ಬಾಕಿ ಇದ್ದವು, ಗಾಡಿ ಹೊರಡಿಸಿದೆ.