ಸ್ಟಾಫ್‌ಗೆ ಮಾತ್ರ

ಎಪ್ಪತ್ತರ ದಶಕದ ಕೊನೆಯಲ್ಲಿ ರಾಜಾಜಿನಗರದ ಒಂದು ಸರ್ಕಾರಿ ಕಚೇರಿಗೆ ನಾನು ಟೈಪಿಂಗ್ ತರಬೇತಿಗೆಂದು ಸೇರಿದೆ. ಸಂಬಳ ಇಲ್ಲ. ಆರು ತಿಂಗಳು ದುಡಿದರೆ ಸಾಹೇಬರು ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ಅದಿದ್ದರೆ ಎಲ್ಲಾದರೂ ನೌಕರಿ ಸಿಗುತ್ತದೆ ಎಂದು ಅಪ್ಪ ನಂಬಿದ್ದರು. ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ. ಅತ್ತಿಗುಪ್ಪೆಯಿಂದ ಹೊಲದ ಬದುವಿನ ಮೇಲೆ ನಡೆದು ಬಂದು ವಿಜಯನಗರದಲ್ಲಿ ಬಸ್ಸು ಹಿಡಿಯುತ್ತಿದ್ದೆ.

ಕಚೇರಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರೇ ಹೆಂಗಸು, ವಯಸ್ಸಾದ ಗುಮಾಸ್ತೆ. ಹೆಂಗಸರ ಕಕ್ಕಸಿನ ಬೀಗದ ಕೈ ಅವರ ವ್ಯಾನಿಟಿ ಬ್ಯಾಗಿನಲ್ಲಿರುತ್ತಿತ್ತು. ಮೊದಮೊದಲು ಕೇಳಿದಾಗೆಲ್ಲ ಕೊಟ್ಟರು, ತಮ್ಮ ಡಬ್ಬಿಯ ಚಿತ್ರಾನ್ನವನ್ನೂ ಕೊಟ್ಟರು. ಒಂದು ಮಧ್ಯಾಹ್ನ, ಅತ್ತಿಗುಪ್ಪೆಯಲ್ಲಿ ಯಾವ ಬೀದಿ ಎಂದು ಕೇಳಿದರು. ಯಾಕೆ ಕೇಳುತ್ತಿದ್ದಾರೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಊರಾಚೆಯ ಕೇರಿ ಎಂದೆ. ಮಾರನೆಯ ದಿನ ಕೈ ಚಾಚಿದರೆ ಬ್ಯಾಗಿನ ಜಿಪ್ ಎಳೆದುಕೊಂಡರು.

"ಅದು ಸ್ಟಾಫ್‌ಗೆ ಮಾತ್ರ ಕಣಮ್ಮ."

ಅಬ್ಬಾ, ಎಂಥ ಮಾತು! ರಾಶಿ ಪತ್ರ ಟೈಪ್ ಮಾಡಿಸುವಾಗ ಮಾತ್ರ ನಾನು ಸ್ಟಾಫು. ಅಂದಿನಿಂದ ನೀರು ಕುಡಿಯುವುದನ್ನೇ ಬಿಟ್ಟೆ. ಸಂಜೆ ಮನೆ ಮುಟ್ಟುವವರೆಗೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಉರಿಮೂತ್ರ ಹತ್ತಿ ಜ್ವರ ಬಂತು. ಮನೆಯಲ್ಲಿ ಹೇಳಿದರೆ ತರಬೇತಿ ಬಿಡಿಸಿಬಿಡುತ್ತಾರೆಂಬ ಭಯ. ಕಚೇರಿಯಲ್ಲಿ ಅಷ್ಟು ಜನರಿದ್ದರೂ ಕಷ್ಟ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಸಾಹೇಬರ ಕೋಣೆಗೆ ಹೋದೆ. ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. ನೀನು ಸ್ಟಾಫ್ ಆಗಿದ್ದರೆ ಈಗಲೇ ಆಕೆಗೆ ಮೆಮೊ ಕೊಡುತ್ತಿದ್ದೆ, ತರಬೇತಿಯವರು ದೂರು ಕೊಡಬಹುದೆಂದು ಯಾವ ರೂಲ್ಸಿನಲ್ಲೂ ಇಲ್ಲವಲ್ಲ ಎಂದು ಪೇಚಾಡಿಕೊಂಡರು. ಆಮೇಲೆ ತಮ್ಮ ಕೋಣೆಗೇ ಸೇರಿದ್ದ ಬಾತ್‌ರೂಮಿನ ಬಾಗಿಲು ತೋರಿಸಿ, ಇದನ್ನೇ ಬಳಸಿಕೋ ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನೂ ಪೆದ್ದಿ, ಮಧ್ಯಾಹ್ನ ಹೋದೆ. ಸಾಹೇಬರ ಕೋಣೆಯಿಂದ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಾಗ ಇಡೀ ಹಾಲ್ ನನ್ನತ್ತ ತಿರುಗಿತು. ಗುಮಾಸ್ತೆ ಪಕ್ಕದ ಮೇಜಿನವರ ಮುಖ ನೋಡಿ ನಕ್ಕರು.

ಕೆಲವೇ ದಿನಗಳಲ್ಲಿ ಗುಸುಗುಸು ಸಾಹೇಬರ ಮನೆಯವರೆಗೂ ಹೋಯಿತು. ನನ್ನನ್ನು ಕರೆಸಿದರು, ಮುಖ ಮಾತ್ರ ನೋಡಲಿಲ್ಲ.

"ನಾಳೆಯಿಂದ ಬರ್ಬೇಡಮ್ಮ. ನನಗೂ ಹೆಂಡ್ತಿ ಮಕ್ಳಿದಾರೆ."

ಸರ್ಟಿಫಿಕೇಟ್ ಕೇಳಿದೆ. ತರಬೇತಿ ಪೂರ್ತಿ ಮುಗಿಸದವರಿಗೆ ಕೊಡುವ ಹಾಗಿಲ್ಲ ಎಂದರು. ನನ್ನನ್ನು ಹೊರಗೆ ಹಾಕಲು ಒಂದು ಸಾಲಿನ ಆರ್ಡರೂ ಬೇಕಾಗಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಟಾಗ ಯಾರೂ ತಲೆ ಎತ್ತಲಿಲ್ಲ. ನನಗೆ ಆ ಗುಮಾಸ್ತೆಗಿಂತ ಆ ಒಳ್ಳೆಯ ಮನುಷ್ಯನ ಮೇಲೆಯೇ ಹೆಚ್ಚು ಸಿಟ್ಟು ಬಂತು, ಈಗಲೂ ಇಳಿದಿಲ್ಲ.

ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಸೊಪ್ಪಿನ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಬೆನ್ನು ಸವರಿ, "ಕೆಲ್ಸ ಹೋಯ್ತೇನವ್ವ?" ಎಂದು ಕೇಳಿದಳು.

"ಇಲ್ಲಮ್ಮ," ಎಂದೆ. "ಕೆಲ್ಸ ಇರ್ಲೇ ಇಲ್ಲ."