ಗೌಸ್ ಸಾಬರು ಹೇಳಿದ ಸುಳ್ಳು

ಗೌಸ್ ಸಾಬರ ಒಂದು ಕಿವಿ ಸದಾ ಟ್ರಾನ್ಸ್‌ಫಾರ್ಮರಿನ ಕಡೆಗೇ ಇರುತ್ತಿತ್ತು. ಎದುರಿಗೆ ಮೇಲಧಿಕಾರಿಯೇ ನಿಂತಿದ್ದರೂ ಅರ್ಧ ಮುಖ ಮಾತ್ರ ತೋರಿಸಿ ಮಾತನಾಡುತ್ತಿದ್ದರು. ಅರವತ್ತರ ದಶಕದ ಆರಂಭದಲ್ಲಿ ನಾನು ಗುಬ್ಬಿಯ ಸಬ್‌ಸ್ಟೇಷನ್ನಿಗೆ ಹೊಸ ಎಂಜಿನಿಯರಾಗಿ ಹೋದಾಗ ಅವರು ಅಲ್ಲಿ ಫೋರ್‌ಮನ್. ಓದಿದ್ದು ನಾಲ್ಕನೇ ಕ್ಲಾಸು. ಮೊದಲ ದಿನವೇ, ಹಳೆಯ ಟ್ರಾನ್ಸ್‌ಫಾರ್ಮರಿನ ತಂತಿಗೆ ಸುತ್ತಿದ್ದ ಕಾಗದದ ಚೂರೊಂದನ್ನು ನನ್ನ ಕೈಗಿಟ್ಟು ಮಡಿಸಲು ಹೇಳಿದರು. ಹಪ್ಪಳದ ಹಾಗೆ ಪುಡಿಯಾಯಿತು.

"ತಂತಿಗೂ ತಂತಿಗೂ ಮಧ್ಯೆ ಇರೋ ಗೋಡೆ ಇದೇಯ ಸ್ವಾಮಿ. ಬಿಸಿ ಜಾಸ್ತಿ ಆದಂಗೆಲ್ಲ ಒಳ್ಗೇ ಬೇಯ್ತದೆ. ಸುತ್ತ ತುಂಬಿರೋ ಎಣ್ಣೆ ರಾತ್ರಿಗೆ ತಣ್ಗಾಯ್ತದೆ, ಬೆಂದಿದ್ ಕಾಗ್ದ ಮತ್ತೆ ಹೊಸದಾಗಕ್ಕಿಲ್ಲ," ಎಂದರು.

ಆ ಬೇಸಿಗೆಯಲ್ಲಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಓಡಿದವು. ಮೂರು ವಾರ, ಪ್ರತಿ ಮಧ್ಯಾಹ್ನ, ಎಣ್ಣೆಯ ಥರ್ಮಾಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು. ಚೇಳೂರಿನ ಲೈನನ್ನು ಎರಡು ಗಂಟೆ ನಿಲ್ಲಿಸೋಣ ಎಂದು ಸಾಬರು ದಿನವೂ ಕೇಳಿದರು. ದೂರು ಬಂದರೆ ಮೇಲಿನವರಿಗೆ ಏನು ಹೇಳಲಿ ಎಂಬ ಭಯ ನನಗೆ. ಬೆಳಗಾದರೆ ಮುಳ್ಳು ಕೆಳಗಿಳಿದಿರುತ್ತಿತ್ತಲ್ಲ, ಅದನ್ನೇ ತೋರಿಸಿ ಅವರ ಬಾಯಿ ಮುಚ್ಚಿಸುತ್ತಿದ್ದೆ.

ಒಂದು ಬೆಳಿಗ್ಗೆ, ಇನ್ನೂ ತಂಪು ಹೊತ್ತಿನಲ್ಲೇ, ನಾನು ಟ್ರಾನ್ಸ್‌ಫಾರ್ಮರಿನ ಪಕ್ಕ ನಿಂತು ಅಂಕಿ ಬರೆದುಕೊಳ್ಳುತ್ತಿದ್ದೆ. ಸಾಬರು ಬಂದು ತೀರಾ ಮೆತ್ತಗೆ, "ತುಮ್ಕೂರಿಂದ ಫೋನ್ ಬಂದೈತೆ, ಬೇಗ ಹೋಗಿ ಸ್ವಾಮಿ," ಎಂದರು.

ಆಫೀಸಿನೊಳಗೆ ಓಡಿದೆ. ರಿಸೀವರ್ ಅದರ ಜಾಗದಲ್ಲೇ ಇತ್ತು. ಯಾರ ಫೋನೂ ಬಂದಿರಲಿಲ್ಲ. ಯಾಕೆ ಹೀಗೆಂದರು ಎಂದುಕೊಳ್ಳುತ್ತ ತಿರುಗುವಷ್ಟರಲ್ಲಿ ನೆಲ ನಡುಗಿತು, ಕಿಟಕಿಯ ಗಾಜು ಮೈಮೇಲೆ ಸುರಿಯಿತು. ಹೊರಗೆ, ನಾನು ನಿಂತಿದ್ದ ಜಾಗದಲ್ಲಿ, ಎಣ್ಣೆ ಹೊತ್ತಿ ಉರಿಯುತ್ತಿತ್ತು. ಎಣ್ಣೆಯ ಟ್ಯಾಂಕಿನೊಳಗೆ ಚಟಚಟ ಎಂದದ್ದು ಸಾಬರ ಕಿವಿಗೆ ಬಿದ್ದಿತ್ತು. ನಿಜ ಹೇಳಿದ್ದರೆ ನಾನು ಇಳಿದ ಮುಳ್ಳು ತೋರಿಸಿ ವಾದಿಸುತ್ತ ಅಲ್ಲೇ ನಿಲ್ಲುತ್ತಿದ್ದೆ. ನನ್ನನ್ನು ಒಳಗೆ ಕಳಿಸಿ, ಲೈನು ಕಡಿಯಲು ತಾವು ಸ್ವಿಚ್ಚಿನತ್ತ ಹೋಗಿದ್ದರು. ಅದರ ಬುಡದಲ್ಲೇ ಬಿದ್ದಿದ್ದರು.

ತುಮಕೂರಿನ ಆಸ್ಪತ್ರೆಯಲ್ಲಿ ಅವರ ಕಣ್ಣು, ಬಾಯಿ ಬಿಟ್ಟು ಉಳಿದದ್ದೆಲ್ಲ ಬ್ಯಾಂಡೇಜು.

"ನೀವು ದಿನಾ ಹೇಳಿದ್ರಿ, ನಾನೇ ಕೇಳ್ಲಿಲ್ಲ ಅಂತ ರಿಪೋರ್ಟಲ್ಲಿ ಬರ್ದಿದೀನಿ ಸಾಬ್ರೆ," ಎಂದೆ.

"ಕೆಲ್ಸ ಹೋಯ್ತದಲ್ಲ ಸ್ವಾಮಿ."

"ಹೋಗ್ಲಿ ಬಿಡಿ."

"ಹಂಗಾದ್ರೆ ದಿನಾ ಎಷ್ಟ್ ಡಿಗ್ರಿ ಇತ್ತು, ಅದ್ನೂ ಬರೀರಿ. ಮುಂದ್ ಬರೋವ್ರು ಓದ್ಲಿ."

ಬರೆದೆ. ಅದನ್ನು ಅವರಿಗೆ ಓದಿ ಹೇಳಬೇಕೆಂದು ಮೂರನೇ ದಿನ ಹೋದಾಗ ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ನಾನೇ ವಾರ್ಡು ತಪ್ಪಿ ಬಂದೆನೆಂದುಕೊಂಡು, ಹಾಳೆ ಹಿಡಿದುಕೊಂಡೇ, ಪಕ್ಕದ ವಾರ್ಡಿನಲ್ಲಿ ಒಂದೊಂದೇ ಮುಖ ನೋಡುತ್ತ ಹೋದೆ.