ಕಲೆ ಹೋದ್ಮೇಲೂ ಯಾಕೆ ಉಜ್ಬೇಕು?

ನಮ್ಮ ಲಾಂಡ್ರಿ ಅಮ್ಮನ ಕೈಗೆ ಎಂಥಾ ಗಲೀಜು ಬಟ್ಟೆ ಕೊಟ್ರೂ ಹೊಸದರ ಥರ ವಾಪಸ್ ಬರುತ್ತೆ, ನಿಜವಾಗ್ಲೂ! ಶಾಯಿನೋ, ಎಣ್ಣೆನೋ, ತುಕ್ಕೋ, ಮೂಸಿ ನೋಡೇ ಹೇಳ್ತಾಳೆ. ಅಂಥವಳಿಗೆ ತನ್ನ ಒಳಬಟ್ಟೆ ಮೇಲಿನ ರಕ್ತ ಎಲ್ಲಿಂದ ಬಂತು ಅಂತ ಮಾತ್ರ ತಿಳೀಲಿಲ್ಲ. ಮುಟ್ಟು ನಿಂತು ಯಾವ ಕಾಲ ಆಯ್ತೋ. ಗರ್ಭಚೀಲಾನೂ ಹಿಂದೆಯೇ ತೆಗೆಸಿಯಾಗಿತ್ತು.

ಆಸ್ಪತ್ರೆಯಲ್ಲಿ ಒಳಗಿಂದ ಒಂದು ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದ ಡಾಕ್ಟ್ರಮ್ಮ "ಯೋನಿಯ ಕ್ಯಾನ್ಸರ್" ಅಂದ್ರು.

"ಚೀಲಾನೇ ಇಲ್ವಲ್ಲ ತಾಯಿ, ಇನ್ನೆಲ್ಲಿಂದ ಬರುತ್ತೆ?"

"ತೆಗೆದಿದ್ದು ಒಳಗಿನ ಕೋಣೆ. ಅಲ್ಲಿಗೆ ಹೋಗೋ ದಾರಿ ಹಾಗೇ ಇದೆಯಲ್ಲಮ್ಮ, ಬಂದಿರೋದು ಅಲ್ಲಿ. ಗೋಡೆ ದಾಟಿ ಸ್ವಲ್ಪ ಹಬ್ಬಿದೆ, ದೂರ ಹೋಗಿಲ್ಲ."

"ಉಳೀತೀನಾ?"

"ನಿಮ್ಮ ಹಂತದಲ್ಲಿರೋರು ಚಿಕಿತ್ಸೆ ಪೂರ್ತಿ ತಗೊಂಡ್ರೆ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷ ದಾಟ್ತಾರೆ."

ಲಾಂಡ್ರಿ ಅಮ್ಮ ಪಕ್ಕದಲ್ಲಿದ್ದ ಸೊಸೆ ಕಿವೀಲಿ ಪಿಸುಗುಟ್ಟಿದಳು, "ಐದು ವರ್ಷ ಆದ್ಮೇಲೆ ಏನಂತೆ? ಹೋಗ್ಬಿಡೋದಾ?"

"ಅತ್ತೆ, ಆಮೇಲೂ ಇರ್ತಾರೆ. ಅದು ಅವರ ಲೆಕ್ಕದ ಅಳತೆ ಅಷ್ಟೇ."

"ನಾನು ಯಾವ ಅರ್ಧದಲ್ಲಿದೀನಿ ಅಂತ ಕೇಳು ಮತ್ತೆ."

ಡಾಕ್ಟ್ರಮ್ಮಂಗೆ ಕೇಳಿಸ್ತು. "ಅದು ನಂಗೂ ಗೊತ್ತಿಲ್ಲಮ್ಮ" ಅಂದ್ರು. ಓದಿದೋರಿಗೇ ಗೊತ್ತಿಲ್ಲ ಅಂದ್ರೆ ನಾನೇನು ಮಾಡ್ಲಿ ಅಂತ ಲಾಂಡ್ರಿ ಅಮ್ಮನ ತಲೆ ಗಿರ್ ಅಂತು.

ಐದು ವಾರ ದಿನಾ ಹೊರಗಿಂದ ಕರೆಂಟು, ಅಂದ್ರೆ ರೇಡಿಯೇಷನ್ನು. ಜೊತೆಗೆ ವಾರಕ್ಕೊಂದು ಸಲ ಕ್ಯಾನ್ಸರ್ ಔಷಧಿಯ ಡ್ರಿಪ್ಪು. ಉಚ್ಚೆ ಹೊಯ್ದರೆ ಉರಿ, ಭೇದಿ ನಿಲ್ಲದು, ಇಸ್ತ್ರಿಪೆಟ್ಟಿಗೆ ಬಂಡೆಗಲ್ಲಿನಷ್ಟು ಭಾರ. ಆದ್ರೆ ರಕ್ತ ನಿಂತೋಯ್ತು! ಆಗ ನೋಡಿ, ಡಾಕ್ಟ್ರಮ್ಮ ಇನ್ನೊಂದು ಶುರು ಮಾಡಿದ್ರು: ಇನ್ಮೇಲೆ ಒಳಗೇ ಒಂದು ಕೊಳವೆ ಇಟ್ಟು ಅದರಿಂದ ಕರೆಂಟು ಕೊಡ್ಬೇಕಂತೆ.

ಕರೆದ ದಿನ ಲಾಂಡ್ರಿ ಅಮ್ಮ ಹೋಗ್ಲೇ ಇಲ್ಲ. ಅಂಗಡೀಲಿ ನಿಂತು ಯಾರದೋ ಅಂಗಿ ಕಾಲರ್ ತಿಕ್ತಾ ಇದ್ದಳು. ಸೊಸೆ ಓಡಿ ಬಂದಳು.

"ಅತ್ತೆ! ಅಲ್ಲಿ ನಿಮ್ಮ ಸರದಿ ಬರ್ತಿದೆ, ಇಲ್ಲಿ ಕಾಲರ್ ತಿಕ್ತಿದೀರಾ?"

"ಕಲೆ ಹೋಯ್ತು ಕಣೇ. ಹೋದ್ಮೇಲೂ ಉಜ್ಜಿದ್ರೆ ಬಟ್ಟೆ ಪಿಸಿದೋಗುತ್ತೆ. ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?"

ಸೊಸೆಗೂ ಅದು ಸರಿ ಅನ್ನಿಸ್ಬಿಡ್ತು! ಆದ್ರೂ ಡಾಕ್ಟ್ರಮ್ಮಂಗೇ ಫೋನ್ ಹಚ್ಚಿ ಅತ್ತೆ ಕಿವಿಗೆ ಒತ್ತಿದಳು.

"ನೀವು ಹೇಳಿದ್ದು ಬಟ್ಟೆಗೆ ಸರಿ," ಅಂದ್ರು ಡಾಕ್ಟ್ರಮ್ಮ, ಬೈಲಿಲ್ಲ. "ಬಟ್ಟೆ ಕಲೆ ಹೋಗಿದ್ದು ನಿಮ್ಮ ಕಣ್ಣಿಗೆ ಕಾಣುತ್ತೆ. ಇಲ್ಲಿ ಉಳಿದಿರೋದು ನನ್ನ ಕಣ್ಣಿಗೂ ಕಾಣಲ್ಲ. ಈಗ ಬಿಟ್ರೆ ಮತ್ತೆ ಬೆಳೆಯೋ ಭಯ ಜಾಸ್ತಿ. ಇವತ್ತೇ ಬನ್ನಿ."

"ಕಾಣದೇ ಇರೋದಕ್ಕೆ ಉಜ್ಜೋದಾ?"

"ಹೂನಮ್ಮ."

ಆಟೋದಲ್ಲಿ ಇಡೀ ದಾರಿ ಲಾಂಡ್ರಿ ಅಮ್ಮ ಗೊಣಗಿದಳು. ಕರೆಂಟು ಕೊಡೋ ಕೋಣೆ ಬಾಗಿಲಲ್ಲಿ ಡಾಕ್ಟ್ರಮ್ಮನ್ನ ನೋಡಿ ಇನ್ನೊಮ್ಮೆ ನಿಂತಳು.

"ಇದಾದ್ರೆ ವಾಸಿ ತಾನೆ?"

"ಆಗಾಗ ಬಂದು ತೋರಿಸ್ತಾ ಇರ್ಬೇಕು. ನಿಧಾನಕ್ಕೆ ಗೊತ್ತಾಗುತ್ತೆ."

ಲಾಂಡ್ರಿ ಅಮ್ಮ ಸೊಸೆ ಮುಖ ನೋಡಿದಳು. ಒಂದಕ್ಷರ ಅರ್ಥ ಆಗಿರ್ಲಿಲ್ಲ, ಆದ್ರೂ ಚಪ್ಪಲಿ ಬಿಟ್ಟಳು.

"ಗೊತ್ತಾಗೋ ತನಕ ಅಂಗಡಿ ನೀನೇ ನೋಡ್ಕೊ. ರೇಷ್ಮೆಗೆ ಬಿಸಿ ಜಾಸ್ತಿ ಇಡ್ಬೇಡ" ಅಂದು ಒಳಗೆ ಹೋದಳು.